ಪ್ರೋಗ್ರಾಮರ್ ಅಲ್ಲದ ಅಧಿಕಾರಿ ಪ್ರೋಗ್ರಾಮರ್‌ಗಳ ತಂಡವನ್ನು ನಡೆಸುವುದು ಹೇಗೆ?

ಪ್ರಶ್ನೆ: ನಾನು ಕೊಡಗಿನ ಸ್ಥಳೀಯ ಸಂಸ್ಥೆಯೊಂದರ ಕಚೇರಿಯಲ್ಲಿ ಅಧೀಕ್ಷಕಿ. ಬಹುಕಾಲ ಲೆಕ್ಕಪತ್ರ ಶಾಖೆಯಲ್ಲಿ ಇದ್ದವಳು. ಈಚೆಗೆ ನಮ್ಮಲ್ಲಿರುವ ಐದು ಮಂದಿ ಪ್ರೋಗ್ರಾಮರ್‌ಗಳ ಮೇಲ್ವಿಚಾರಣೆಯನ್ನು ನನಗೆ ವಹಿಸಿದ್ದಾರೆ. ಐವರೂ ಹೊರಗುತ್ತಿಗೆಯವರು. ಅವರು ಬರೆಯುವ ಕೋಡ್ ನನಗೆ ಅರ್ಥವಾಗುವುದಿಲ್ಲ. ಹೇಳಿದ ದಿನಕ್ಕೆ ಯಾವ ಕೆಲಸವೂ ಮುಗಿಯುತ್ತಿಲ್ಲ. ಸದಸ್ಯರು, ಶಾಖೆಯ ಮುಖ್ಯಸ್ಥರು ನೇರವಾಗಿ ಅವರಿಗೇ ಫೋನ್ ಮಾಡಿ ಕೆಲಸ ಹೇಳುತ್ತಾರೆ. ಮಳೆಹಾನಿ ವರದಿಯ ತಂತ್ರಾಂಶವನ್ನು ಪೂರ್ತಿಯಾಗಿ ಬರೆದ ಹಿರಿಯ ಪ್ರೋಗ್ರಾಮರ್ ಮುಂದಿನ ತಿಂಗಳು ಕೆಲಸ ಬಿಟ್ಟು ಬೆಂಗಳೂರಿಗೆ ಹೋಗುತ್ತಿದ್ದಾರೆ. ಹಾಜರಾತಿ ಮತ್ತು ದಿನಚರಿಯನ್ನು ಬಿಗಿ ಮಾಡಿದರೆ ಸಾಕೇ? ನಾನೂ ಕೋಡಿಂಗ್ ಕಲಿಯಬೇಕೇ? ಇನ್ನಿಬ್ಬರನ್ನು ಕೊಡಿ ಎಂದು ಮೇಲಧಿಕಾರಿಗಳನ್ನು ಕೇಳಲೇ?

ಉತ್ತರ: ಕೋಡಿಂಗ್ ಕಲಿಯುವುದು ನಿಮ್ಮ ಇಷ್ಟ, ಈ ಹುದ್ದೆಗೆ ಅದು ಅಗತ್ಯವಲ್ಲ. ಹಾಜರಾತಿ ಬೇಕು, ಆದರೆ ಅದರಿಂದ ನಿಮ್ಮ ಯಾವ ತೊಂದರೆಯೂ ತೀರುವುದಿಲ್ಲ. ನಿಮ್ಮ ಪತ್ರವನ್ನು ಓದಿದಾಗ ನನಗೆ ಕಾಣುವುದು ಕೆಲಸಗಳ್ಳತನವಲ್ಲ. ಯಾವ ಕೆಲಸ ಮಾಡಬೇಕು ಎಂಬುದನ್ನು ಯಾರೂ ತೀರ್ಮಾನಿಸುತ್ತಿಲ್ಲ, ಮಾಡಿದ ಕೆಲಸ ಕಚೇರಿಯ ಸ್ವತ್ತಾಗಿ ಉಳಿಯುತ್ತಿಲ್ಲ. ತೊಂದರೆಯ ಮೂಲ ಅಲ್ಲಿದೆ. ಇವೆರಡನ್ನೂ ಸರಿಪಡಿಸಬಲ್ಲವರು ಪ್ರೋಗ್ರಾಮರ್‌ಗಳಲ್ಲ, ಕಡತದ ಶಿಸ್ತನ್ನು ಬಲ್ಲ ಅಧಿಕಾರಿ. ಆ ದೃಷ್ಟಿಯಿಂದ ಲೆಕ್ಕಪತ್ರ ಶಾಖೆಯ ನಿಮ್ಮ ಅನುಭವ ಈ ಕೆಲಸಕ್ಕೆ ಒಳ್ಳೆಯ ಬುನಾದಿಯೇ ಆಗಿದೆ.

ಹೊರಡುತ್ತಿರುವ ಪ್ರೋಗ್ರಾಮರ್ ವಿಚಾರವನ್ನು ಮೊದಲು ನೋಡೋಣ, ಏಕೆಂದರೆ ಅದಕ್ಕೆ ಗಡುವಿದೆ. ಅವರ ಮೇಲೆ ಬೇಸರ ಮಾಡಿಕೊಳ್ಳಬೇಡಿ, ಹೆಚ್ಚು ಸಂಬಳದ ಕೆಲಸಕ್ಕೆ ಹೋಗುವುದು ಅವರ ಹಕ್ಕು. ಉಳಿದಿರುವ ದಿನಗಳಲ್ಲಿ ಅವರಿಗೆ ಹೊಸ ಕೆಲಸ ಯಾವುದನ್ನೂ ಕೊಡಬೇಡಿ. ‘ಹೋಗುವ ಮುನ್ನ ಇದೊಂದನ್ನು ಮುಗಿಸಿಕೊಟ್ಟುಬಿಡಿ’ ಎಂದು ಪ್ರತಿ ಶಾಖೆಯಿಂದಲೂ ಒತ್ತಡ ಬರುತ್ತದೆ. ಅದನ್ನು ತಡೆಯುವುದು ನಿಮ್ಮ ಮೊದಲ ಕರ್ತವ್ಯ. ಒಬ್ಬ ಅಧಿಕಾರಿ ವರ್ಗವಾದಾಗ ಪ್ರಭಾರ ಹಸ್ತಾಂತರದ ಪಟ್ಟಿ ಆಗುವಂತೆ ಇಲ್ಲಿಯೂ ಪಟ್ಟಿ ಆಗಬೇಕು: ಕೋಡ್ ಎಲ್ಲಿದೆ, ಸರ್ವರ್ ಯಾರ ಖಾತೆಯಲ್ಲಿದೆ, ಜಾಲತಾಣದ ವಿಳಾಸ ಯಾರ ಹೆಸರಿನಲ್ಲಿ ನೋಂದಣಿಯಾಗಿದೆ, ನವೀಕರಣದ ದಿನಾಂಕ ಯಾವುದು, ಒಟಿಪಿ ಯಾರ ಮೊಬೈಲಿಗೆ ಬರುತ್ತದೆ, ಎಸ್‌ಎಂಎಸ್ ಸೇವೆಯ ಕೀಲಿ (ಅದನ್ನು ಬಳಸಲು ಬೇಕಾದ ಗುಪ್ತ ಸಂಕೇತ) ಎಲ್ಲಿದೆ. ಇವುಗಳಲ್ಲಿ ಹಲವು ಆ ಪ್ರೋಗ್ರಾಮರ್‌ನ ಸ್ವಂತ ಇಮೇಲ್ ಮತ್ತು ಸ್ವಂತ ಮೊಬೈಲಿಗೆ ಜೋಡಣೆಯಾಗಿರುವ ಸಾಧ್ಯತೆ ಹೆಚ್ಚು. ಅದರಲ್ಲಿ ದುರುದ್ದೇಶ ಇರಬೇಕೆಂದೇನೂ ಇಲ್ಲ. ಕೆಲಸ ತುರ್ತಾಗಿದ್ದಾಗ ಕಚೇರಿಯ ಇಮೇಲ್ ಸಿಗದೆ ತಮ್ಮದನ್ನೇ ಕೊಟ್ಟು ಮುಂದೆ ಸಾಗಿರುತ್ತಾರೆ. ಅವರು ಇರುವಾಗಲೇ ಇವೆಲ್ಲವೂ ಹುದ್ದೆಯ ಹೆಸರಿನ ಸರ್ಕಾರಿ ಇಮೇಲಿಗೂ ಕಚೇರಿಯ ಮೊಬೈಲಿಗೂ ವರ್ಗವಾಗಬೇಕು. ಅವರು ಹೋದ ದಿನವೇ ಎಲ್ಲ ಗುಪ್ತಪದಗಳೂ ಬದಲಾಗಬೇಕು. ಇದು ಅವರಿಗೂ ರಕ್ಷಣೆ. ಮುಂದೆ ಏನಾದರೂ ಎಡವಟ್ಟಾದರೆ ಯಾರೂ ಅವರತ್ತ ಬೆರಳು ತೋರಿಸುವಂತಿರುವುದಿಲ್ಲ.

ಪಟ್ಟಿಯ ನಂತರದ ಕೆಲಸ ಇನ್ನೂ ಮುಖ್ಯವಾದದ್ದು. ಉಳಿಯುವ ನಾಲ್ವರಲ್ಲಿ ಒಬ್ಬರನ್ನು ಆರಿಸಿ, ಮಳೆಹಾನಿ ತಂತ್ರಾಂಶವನ್ನು ಖಾಲಿ ಕಂಪ್ಯೂಟರೊಂದರಲ್ಲಿ ಮೊದಲಿನಿಂದ ಸ್ಥಾಪಿಸಲು ಹೇಳಿ. ಬರೆದವರು ಪಕ್ಕದಲ್ಲಿ ಕುಳಿತಿರಲಿ, ಆದರೆ ಕೀಲಿಮಣೆಯನ್ನು ಮುಟ್ಟಬಾರದು. ಎಲ್ಲೆಲ್ಲಿ ಹೊಸಬರು ಸಿಕ್ಕಿಹಾಕಿಕೊಳ್ಳುತ್ತಾರೋ ಅಲ್ಲಲ್ಲಿ ಏನು ಮಾಡಬೇಕೆಂದು ಹೊಸಬರೇ ತಮ್ಮ ಮಾತಿನಲ್ಲಿ ಬರೆದುಕೊಳ್ಳಲಿ. ಬರೆದವರಿಂದಲೇ ಕೈಪಿಡಿ ಬರೆಯಿಸಿದರೆ ಅವರಿಗೆ ಸಹಜವೆನಿಸುವ ಸಂಗತಿಗಳೆಲ್ಲ ಬಿಟ್ಟುಹೋಗುತ್ತವೆ. ಕಲಿಯುವವರು ಬರೆದದ್ದರಲ್ಲಿ ಅವೇ ಮೊದಲು ಕಾಣಿಸಿಕೊಳ್ಳುತ್ತವೆ. ಒಮ್ಮೆ ಸ್ಥಾಪನೆಯಾದ ಮೇಲೆ ಒಂದು ಸಣ್ಣ ಬದಲಾವಣೆಯನ್ನು, ಉದಾಹರಣೆಗೆ ವರದಿಯಲ್ಲಿ ಒಂದು ಅಂಕಣ ಸೇರಿಸುವುದನ್ನು, ಅದೇ ಹೊಸಬರು ಮಾಡಿ ತೋರಿಸಲಿ. ಇದು ಆದರೆ ಹಸ್ತಾಂತರ ಆಯಿತು. ಇದು ಆಗದೆ ಸಹಿ ಮಾಡಿದ ಪಟ್ಟಿ ಮಾತ್ರ ಇದ್ದರೆ ಹಸ್ತಾಂತರ ಆಗಿಲ್ಲ ಎಂದೇ ತಿಳಿಯಿರಿ.

ಕೋಡ್ ಎಲ್ಲಿದೆ ಎಂಬ ಪ್ರಶ್ನೆಗೆ ‘ಅವರ ಲ್ಯಾಪ್‌ಟಾಪಿನಲ್ಲಿ’ ಎಂಬ ಉತ್ತರ ಬಂದರೆ, ಮರುದಿನವೇ ಎಲ್ಲರ ಕೋಡ್ ಕಚೇರಿಯ ಹಿಡಿತದಲ್ಲಿರುವ ಗಿಟ್ ಭಂಡಾರಕ್ಕೆ ಬರಬೇಕು. ಗಿಟ್ ಎಂಬುದು ನಿಮಗೆ ಹೊಸ ಹೆಸರಾಗಿರಬಹುದು, ಆದರೆ ಅದರ ರೀತಿ ಹೊಸದಲ್ಲ. ಕಡತದ ಟಿಪ್ಪಣಿ ಹಾಳೆಯಲ್ಲಿ ಯಾರು, ಯಾವ ದಿನ, ಯಾವ ಕಾರಣಕ್ಕೆ ಏನು ಬರೆದರು ಎಂಬುದು ಕಂಡಿಕೆಯಿಂದ ಕಂಡಿಕೆಗೆ ಉಳಿಯುವಂತೆ, ಗಿಟ್‌ನಲ್ಲಿ ಪ್ರತಿಯೊಂದು ಬದಲಾವಣೆಯೂ ಬರೆದವರ ಹೆಸರು, ಸಮಯ, ಕಾರಣಗಳೊಂದಿಗೆ ಉಳಿಯುತ್ತದೆ. ಹಿಂದಿನ ಸ್ಥಿತಿಗೆ ಮರಳುವುದಕ್ಕೂ ಸಾಧ್ಯ. ಕೋಡ್ ಅರ್ಥವಾಗದಿದ್ದರೂ ಈ ಕಾರಣಗಳ ಸಾಲುಗಳನ್ನು ನೀವು ಓದಬಹುದು, ವಾರಕ್ಕೊಮ್ಮೆ ಓದಲೇಬೇಕು. ‘ಸಣ್ಣ ತಿದ್ದುಪಡಿ’ ಎಂದಷ್ಟೇ ಬರೆದಿದ್ದರೆ ಒಪ್ಪಬೇಡಿ. ಗುಪ್ತಪದಗಳನ್ನು ಮಾತ್ರ ಆ ಭಂಡಾರದೊಳಗೆ ಎಂದಿಗೂ ಇಡಕೂಡದು, ಮತ್ತು ಭಂಡಾರ ಸಾರ್ವಜನಿಕರಿಗೆ ತೆರೆದಿದೆಯೇ ಮುಚ್ಚಿದೆಯೇ ಎಂಬುದನ್ನು ನೀವೇ ಕೇಳಿ ಖಚಿತಪಡಿಸಿಕೊಳ್ಳಬೇಕು. ಇದರೊಂದಿಗೆ ಏಜೆನ್ಸಿಯ ಜೊತೆಗಿನ ಒಪ್ಪಂದವನ್ನು ತೆಗೆದು ಓದಿ. ಕೋಡ್, ವಿನ್ಯಾಸ, ದತ್ತಾಂಶ ಮೂರೂ ಸಂಸ್ಥೆಗೆ ಸೇರಿದ್ದು ಎಂಬ ಷರತ್ತು ಅದರಲ್ಲಿ ಸ್ಪಷ್ಟವಾಗಿ ಇರಬೇಕು. ಇಲ್ಲದಿದ್ದರೆ ಮುಂದಿನ ನವೀಕರಣಕ್ಕೆ ಮುನ್ನ ಸೇರಿಸಲು ಟಿಪ್ಪಣಿ ಮಂಡಿಸಿ.

ಈಗ ನಿಮ್ಮ ದೂರಿನ ಮೂಲಕ್ಕೆ ಬರೋಣ. ಕೆಲಸ ತಡವಾಗುವುದಕ್ಕೆ ಕಾರಣ ಕೆಲಸ ಬರುವ ದಾರಿ. ಒಬ್ಬ ಪ್ರೋಗ್ರಾಮರ್ ಬೆಳಿಗ್ಗೆ ನೀರಿನ ಕಂದಾಯದ ಲೆಕ್ಕದಲ್ಲಿ ತೊಡಗಿರುವಾಗ ಒಬ್ಬ ಸದಸ್ಯರು ಫೋನ್ ಮಾಡಿ ತಮ್ಮ ವಾರ್ಡಿನ ಪಟ್ಟಿ ಕೇಳುತ್ತಾರೆ, ಮಧ್ಯಾಹ್ನ ಇನ್ನೊಂದು ಶಾಖೆಯವರು ಸಭೆಗೆ ಬೇಕೆಂದು ಹೊಸ ನಮೂನೆ ಮಾಡಿಸುತ್ತಾರೆ, ಸಂಜೆ ಪ್ರಿಂಟರ್ ಕೆಟ್ಟಿದೆ ಎಂದು ಕರೆಯುತ್ತಾರೆ. ಅಧಿಕಾರದಲ್ಲಿ ಇರುವವರಿಗೆ ‘ಆಗುವುದಿಲ್ಲ’ ಎನ್ನಲು ಹೊರಗುತ್ತಿಗೆಯ ಯುವಕ ಯುವತಿಯರಿಗೆ ಧೈರ್ಯವಿರುವುದಿಲ್ಲ. ಅವರ ಪರವಾಗಿ ಅದನ್ನು ಹೇಳುವುದಕ್ಕೆಂದೇ ನಿಮ್ಮ ಹುದ್ದೆ ಇದೆ. ಹಾಗಾಗಿ ತಂಡಕ್ಕೆ ಕೆಲಸ ಬರುವ ಬಾಗಿಲು ಒಂದೇ ಇರಬೇಕು, ಅಲ್ಲಿ ನೀವು ನಿಂತಿರಬೇಕು. ಮುಖ್ಯ ಅಧಿಕಾರಿಗಳ ಸಹಿಯಲ್ಲಿ ಒಂದು ಸುತ್ತೋಲೆ ಹೊರಡಿಸಿ: ಬೇಡಿಕೆ ಯಾವುದೇ ಇರಲಿ, ಒಂದು ಪುಟದ ನಮೂನೆಯಲ್ಲಿ ಬರೆದು ಕೊಡತಕ್ಕದ್ದು. ಯಾರಿಗೆ ಬೇಕು, ಈಗ ಆ ಕೆಲಸವನ್ನು ಹೇಗೆ ಮಾಡುತ್ತಿದ್ದಾರೆ, ಯಾವ ದಿನಕ್ಕೆ ಬೇಕು ಮತ್ತು ಆ ದಿನವೇ ಏಕೆ, ಮುಗಿದಿದೆ ಎಂದು ಒಪ್ಪಿ ಸಹಿ ಮಾಡುವವರು ಯಾರು, ಇಷ್ಟು ಅದರಲ್ಲಿ ಇದ್ದರೆ ಸಾಕು. ಬರೆದು ಕೊಡಬೇಕು ಎಂದಾಗಲೇ ಅರ್ಧದಷ್ಟು ಬೇಡಿಕೆಗಳು ಬರುವುದು ನಿಲ್ಲುತ್ತದೆ ಎಂಬುದು ನಾನು ಅನೇಕ ಕಚೇರಿಗಳಲ್ಲಿ ಕಂಡ ಸಂಗತಿ.

ಬಂದ ಬೇಡಿಕೆಗಳಿಗೆ ಸರದಿ ಗೊತ್ತುಮಾಡುವುದು ನಿಮ್ಮ ಒಬ್ಬರ ತಲೆಯ ಮೇಲೆ ಬೀಳಬಾರದು. ಪ್ರತಿ ಸೋಮವಾರ ಶಾಖೆಯ ಮುಖ್ಯಸ್ಥರನ್ನು ಅರ್ಧ ಗಂಟೆ ಕೂರಿಸಿ ಪಟ್ಟಿಯನ್ನು ಮುಂದಿಡಿ. ಯಾರಾದರೂ ತಮ್ಮ ಕೆಲಸ ಮೇಲೆ ಬರಬೇಕೆಂದರೆ ಯಾವುದು ಕೆಳಗೆ ಹೋಗಬೇಕೆಂದು ಅವರೇ ಅಲ್ಲಿ ಹೇಳಲಿ. ನಡವಳಿಯಲ್ಲಿ ಅದು ದಾಖಲಾಗಲಿ. ಕಾನೂನಿನ ಗಡುವು ಇರುವ ಕೆಲಸಗಳು ಮಾತ್ರ ಈ ಚರ್ಚೆಯಿಂದ ಹೊರಗಿರಬೇಕು. 2011ರ ಸಕಾಲ ಕಾಯ್ದೆಯಡಿ ದಿನಗಳ ಮಿತಿ ಇರುವ ಸೇವೆಗಳು ನಿಂತರೆ, ಅಥವಾ ಮಾಹಿತಿ ಹಕ್ಕು ಕಾಯ್ದೆಯಡಿ 30 ದಿನಗಳೊಳಗೆ ಉತ್ತರಿಸಬೇಕಾದ ಅರ್ಜಿಗೆ ದತ್ತಾಂಶ ಬೇಕಾದರೆ, ಅವು ತಾವಾಗಿಯೇ ಮೊದಲ ಸ್ಥಾನಕ್ಕೆ ಬರುತ್ತವೆ. ಮಾರ್ಚ್ ಕೊನೆಯ ವಾರಗಳಲ್ಲಿ ಲೆಕ್ಕಪತ್ರಕ್ಕೂ ತೆರಿಗೆಗೂ ಸಂಬಂಧಿಸಿದ ತಂತ್ರಾಂಶದಲ್ಲಿ ದೋಷ ತಿದ್ದುವುದನ್ನು ಬಿಟ್ಟು ಬೇರೆ ಯಾವ ಬದಲಾವಣೆಯನ್ನೂ ಮಾಡಗೊಡಬೇಡಿ. ಅದರ ಕಾರಣವನ್ನು ನಿಮಗೆ ವಿವರಿಸಬೇಕಾಗಿಲ್ಲ.

ಬೇಡಿಕೆಯನ್ನು ಒಪ್ಪುವ ಮುನ್ನ ಕೇಳಬೇಕಾದ ಇನ್ನೊಂದು ಪ್ರಶ್ನೆಯಿದೆ: ಇದನ್ನು ಈಗಾಗಲೇ ರಾಜ್ಯವೋ ಕೇಂದ್ರವೋ ಮಾಡಿಕೊಟ್ಟಿಲ್ಲವೇ? ಗ್ರಾಮ ಪಂಚಾಯಿತಿಗಳ ಲೆಕ್ಕಕ್ಕೆ ‘ಪಂಚತಂತ್ರ’ ಎಂಬ ತಂತ್ರಾಂಶವಿದೆ, ಆಸ್ತಿಗಳ ನಮೂನೆ 9 ಮತ್ತು 11ಕ್ಕೆ ಇ-ಸ್ವತ್ತು ಇದೆ, ಯೋಜನೆ ಮತ್ತು ಪಾವತಿಯ ವಿವರಗಳಿಗೆ 2020ರ ಏಪ್ರಿಲ್ 24ರಂದು ಆರಂಭವಾದ ಇ-ಗ್ರಾಮ ಸ್ವರಾಜ್ ಇದೆ, ಪಹಣಿಗೆ ‘ಭೂಮಿ’ ತಂತ್ರಾಂಶ ಇದೆ. ಇವುಗಳಿಗೆ ಸಮಾನಾಂತರವಾಗಿ ಜಿಲ್ಲೆಯಲ್ಲೊಂದು ತಂತ್ರಾಂಶ ಕಟ್ಟಿದರೆ ಪಿಡಿಒ ಮತ್ತು ಡಾಟಾ ಎಂಟ್ರಿ ಆಪರೇಟರ್‌ಗಳು ಒಂದೇ ಅಂಕಿಯನ್ನು ಎರಡು ಕಡೆ ತುಂಬಬೇಕಾಗುತ್ತದೆ, ಎರಡು ಕಡೆಯ ಅಂಕಿಗಳೂ ಬೇರೆಯಾಗುತ್ತವೆ, ಲೆಕ್ಕಪರಿಶೋಧನೆಯ ದಿನ ಎರಡಕ್ಕೂ ಸಮಜಾಯಿಷಿ ಬರೆಯುವವರು ನೀವೇ ಆಗುತ್ತೀರಿ. ಐದು ಜನರ ತಂಡ ಆ ದೊಡ್ಡ ವ್ಯವಸ್ಥೆಗಳು ಮುಟ್ಟದ ಸ್ಥಳೀಯ ಅಗತ್ಯಗಳಿಗಷ್ಟೇ ಕೈಹಾಕಬೇಕು. ನಿಮ್ಮ ಮಳೆಹಾನಿ ವರದಿ ಅಂಥದ್ದೇ ಒಂದು ಅಗತ್ಯ, ಆದ್ದರಿಂದ ಅದನ್ನು ಉಳಿಸಿಕೊಳ್ಳಲು ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಕೊಡಗಿನಲ್ಲಿ ತಂತ್ರಾಂಶ ಮಾಡುವವರಿಗೆ ಬೇರೆ ಜಿಲ್ಲೆಗಳಲ್ಲಿ ಎದುರಾಗದ ಕೆಲವು ಸಂಗತಿಗಳಿವೆ. ಅವುಗಳನ್ನು ತಂಡಕ್ಕೆ ತಿಳಿಸಿಕೊಡುವುದು ಮೇಲ್ವಿಚಾರಕರ ಕೆಲಸ, ಏಕೆಂದರೆ ಕಂಪ್ಯೂಟರ್ ತರಗತಿಯಲ್ಲಿ ಇವನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ. ಹೆಸರನ್ನೇ ತೆಗೆದುಕೊಳ್ಳಿ. ಕೊಡವರಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ. ಫೀಲ್ಡ್ ಮಾರ್ಷಲ್ ಕೆ. ಎಂ. ಕಾರ್ಯಪ್ಪ ಅವರ ಹೆಸರಿನಲ್ಲಿ ಕೆ ಎಂಬುದು ಕೊಡಂದೇರ ಮನೆತನ, ಎಂ ಎಂಬುದು ಮಾದಪ್ಪ, ಕೊನೆಯದು ಅವರದೇ ಹೆಸರು. ‘ಮೊದಲ ಹೆಸರು, ಕೊನೆಯ ಹೆಸರು’ ಎಂದು ಎರಡು ಖಾನೆ ಮಾಡಿಟ್ಟ ನಮೂನೆಯಲ್ಲಿ ಒಬ್ಬರು ಮನೆತನವನ್ನು ಮೊದಲ ಖಾನೆಯಲ್ಲೂ ಇನ್ನೊಬ್ಬರು ಕೊನೆಯ ಖಾನೆಯಲ್ಲೂ ತುಂಬುತ್ತಾರೆ, ಮೂರನೆಯವರು ಇನಿಷಿಯಲ್ ಮಾತ್ರ ಹಾಕುತ್ತಾರೆ, ಒಂದೇ ಮನೆಯವರು ಪಟ್ಟಿಯಲ್ಲಿ ಮೂರು ಕಡೆ ಚದುರಿಹೋಗುತ್ತಾರೆ. ಮನೆತನಕ್ಕೆ ಪ್ರತ್ಯೇಕ ಖಾನೆ ಕೊಡಿಸಿ, ಅದನ್ನು ಖಾಲಿ ಬಿಡಲೂ ಅವಕಾಶವಿರಲಿ.

ಇದೇ ಹೆಸರಿನಲ್ಲಿ ಇನ್ನೊಂದು ಸೂಕ್ಷ್ಮವಿದೆ. ‘ನುಡಿ’ ಎಂಬ ಕನ್ನಡ ಬೆರಳಚ್ಚು ತಂತ್ರಾಂಶದ ಹಳೆಯ ಕಡತಗಳನ್ನು ಈಗಿನ ಸರ್ವಸಾಮಾನ್ಯ ಅಕ್ಷರ ಸಂಕೇತ ಪದ್ಧತಿಯಾದ ಯೂನಿಕೋಡ್‌ಗೆ ಪರಿವರ್ತಿಸಿದಾಗ ‘ರ್ಯ’ ಎಂಬ ಒತ್ತಕ್ಷರ ಅನೇಕ ಬಾರಿ ‘ರ‍್ಯ’ ಎಂಬ ರೂಪದಲ್ಲಿ ಬರುತ್ತದೆ. ಓದುವವರಿಗೆ ಕಾರ್ಯಪ್ಪ, ಕಾರ‍್ಯಪ್ಪ ಎರಡೂ ಒಂದೇ. ಕಂಪ್ಯೂಟರಿಗೆ ಅವು ಬೇರೆ ಬೇರೆ ಹೆಸರುಗಳು, ಏಕೆಂದರೆ ಎರಡನೆಯದರ ನಡುವೆ ಕಣ್ಣಿಗೆ ಕಾಣದ ಒಂದು ಜೋಡಕ ಸಂಕೇತ ಇದೆ. ಕಾರಿಯಪ್ಪ ಎಂದು ಬರೆಯುವವರು ಬೇರೆ ಇದ್ದಾರೆ. ಹುಡುಕಾಟದಲ್ಲಿ ಫಲಾನುಭವಿಯ ಹೆಸರು ಸಿಗಲಿಲ್ಲವೆಂದು ಮುಂಗಟ್ಟೆಯಲ್ಲಿ ವೃದ್ಧರೊಬ್ಬರನ್ನು ವಾಪಸ್ ಕಳುಹಿಸಿದರೆ ಅದರ ಹಿಂದೆ ಇಂಥದೊಂದು ಕಾರಣ ಇರಬಹುದು. ದತ್ತಾಂಶ ಒಳಗೆ ಬರುವಾಗಲೇ ಅಕ್ಷರಗಳನ್ನು ಒಂದೇ ರೂಪಕ್ಕೆ ತರುವ ವ್ಯವಸ್ಥೆ ಇದೆಯೇ ಎಂದು ನಿಮ್ಮ ತಂಡವನ್ನು ಕೇಳಿ. ಕೋಡ್ ಓದಲು ಬಾರದಿದ್ದರೂ ಎರಡೂ ರೂಪಗಳನ್ನು ಬೆರಳಚ್ಚಿಸಿ ನೀವೇ ಪರೀಕ್ಷಿಸಬಹುದು.

ಆಸ್ತಿಯ ವಿಚಾರದಲ್ಲಿ ಜಮ್ಮಾ ಬಾಣೆ, ಅಂದರೆ ಕೊಡಗಿನ ಕುಟುಂಬಗಳು ವಂಶಪಾರಂಪರ್ಯವಾಗಿ ಒಟ್ಟಾಗಿ ಹೊಂದಿರುವ ಜಮೀನು, ನಿಮಗೆ ಗೊತ್ತೇ ಇದೆ. ಪಟ್ಟೇದಾರರ ಹೆಸರಿನೊಂದಿಗೆ ಕುಟುಂಬದ ಹಲವರ ಹೆಸರುಗಳಿರುವ ಪಹಣಿಗಳು ಇಲ್ಲಿ ಸಾಮಾನ್ಯ. ‘ಮಾಲೀಕರ ಹೆಸರು’ ಎಂದು ಒಂದೇ ಖಾನೆ ಇಟ್ಟ ತಂತ್ರಾಂಶದಲ್ಲಿ ಒಬ್ಬರ ಹೆಸರು ಉಳಿದು ಮಿಕ್ಕವರದು ಕಳೆದುಹೋದರೆ ಅದು ತಾಂತ್ರಿಕ ದೋಷವಾಗಿ ಉಳಿಯುವುದಿಲ್ಲ, ಕುಟುಂಬದ ವ್ಯಾಜ್ಯವಾಗುತ್ತದೆ. ಆದ್ದರಿಂದ ಮನೆ ಹಾನಿ, ಬೆಳೆ ಹಾನಿ ಎಂಬ ಯಾವ ದಾಖಲೆಯಲ್ಲೇ ಆಗಲಿ ಒಂದು ಆಸ್ತಿಗೆ ಅನೇಕ ಹಕ್ಕುದಾರರು, ಒಬ್ಬ ಅರ್ಜಿದಾರ ಎಂಬ ಭೇದ ಮೊದಲ ದಿನದಿಂದಲೇ ಇರಬೇಕು. ತಂಡದವರಿಗೆ ಇದನ್ನು ಬಾಯಿಮಾತಿನಲ್ಲಿ ಹೇಳುವ ಬದಲು ನಾಲ್ಕಾರು ನಿಜವಾದ ಪಹಣಿಗಳನ್ನು ಮುಂದಿಟ್ಟು ತೋರಿಸಿ, ತೋರಿಸಿದ ಪ್ರತಿಗಳನ್ನು ವಾಪಸ್ ಪಡೆಯಿರಿ.

ಮೂರನೆಯದು ಮಳೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಸುತ್ತ ಗುಡ್ಡಗಳು ಕುಸಿದಾಗ ರಸ್ತೆ, ವಿದ್ಯುತ್, ಫೋನ್ ಒಟ್ಟಿಗೆ ಕೈಕೊಟ್ಟವು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿಯಲ್ಲಿ ಕುಸಿತವಾಯಿತು. ಮಳೆಹಾನಿ ವರದಿಯ ತಂತ್ರಾಂಶ ಅತ್ಯಂತ ಅಗತ್ಯವಾಗುವ ದಿನಗಳಲ್ಲಿಯೇ ಅದಕ್ಕೆ ಇಂಟರ್‌ನೆಟ್ ಸಿಗುವುದಿಲ್ಲ. ಗ್ರಾಮ ಪಂಚಾಯಿತಿಯ ಸಿಬ್ಬಂದಿ ಮೊಬೈಲಿನಲ್ಲಿ ತುಂಬಿದ ವಿವರ ಮೊಬೈಲಿನಲ್ಲಿಯೇ ಉಳಿದು, ಸಿಗ್ನಲ್ ಸಿಕ್ಕಾಗ ತಾನಾಗಿ ಮೇಲಕ್ಕೆ ಹೋಗುವಂತಿರಬೇಕು, ಎರಡು ಬಾರಿ ಹೋದರೂ ಎರಡು ಮನೆಗಳೆಂದು ಲೆಕ್ಕವಾಗಬಾರದು. ಅದೂ ಆಗದಿದ್ದಾಗ ಬಳಸಲು ಅದೇ ಕ್ರಮಸಂಖ್ಯೆಗಳಿರುವ ಮುದ್ರಿತ ನಮೂನೆ ಪ್ರತಿ ಪಂಚಾಯಿತಿಯಲ್ಲೂ ಮೇ ತಿಂಗಳೊಳಗೆ ತಲುಪಿರಬೇಕು. ದತ್ತಾಂಶದ ಪ್ರತಿಗಳಲ್ಲಿ ಒಂದಾದರೂ ಜಿಲ್ಲೆಯ ಹೊರಗೆ ಇರಬೇಕು, ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರದಲ್ಲಿ ಸ್ಥಳ ಪಡೆಯಲು ಪತ್ರ ಬರೆಯಿರಿ. ಪ್ರತಿ ತೆಗೆಯುತ್ತಿದ್ದೇವೆ ಎಂಬ ಮಾತನ್ನು ನಂಬಿ ಸುಮ್ಮನಿರಬೇಡಿ. ಆ ಪ್ರತಿಯಿಂದ ದತ್ತಾಂಶವನ್ನು ಮರಳಿ ತಂದು ಕಳೆದ ವರ್ಷದ ಒಂದು ವರದಿಯನ್ನು ತೆಗೆದುಕೊಡಿ ಎಂದು ಮೂರು ತಿಂಗಳಿಗೊಮ್ಮೆ ಕೇಳಿ. ಮಳೆಗಾಲಕ್ಕೆ ಮುನ್ನ ಈ ಪರೀಕ್ಷೆ ಕಡ್ಡಾಯ.

ಕೆಲಸ ಮುಗಿದಿದೆ ಎಂದು ಯಾವಾಗ ಒಪ್ಪಬೇಕು ಎಂಬುದಕ್ಕೆ ಬರೋಣ. ಬರೆದವರ ಕಂಪ್ಯೂಟರಿನಲ್ಲಿ ಓಡಿದರೆ ಕೆಲಸ ಮುಗಿದಂತಲ್ಲ. ತಂಡದ ಇನ್ನೊಬ್ಬರು ಕೋಡನ್ನು ಓದಿ ಒಪ್ಪಿರಬೇಕು. ಬರೆದವರೇ ತಪಾಸಣೆ ಮಾಡುವಂತಿಲ್ಲ ಎಂಬ ನಿಮ್ಮ ಶಾಖೆಯ ನಿಯಮ ಇಲ್ಲಿಗೂ ಅನ್ವಯಿಸುತ್ತದೆ. ಜನ ಬಳಸುವ ಸರ್ವರ್ ಬೇರೆ, ಪರೀಕ್ಷೆಯ ಸರ್ವರ್ ಬೇರೆ ಇರಬೇಕು. ಕೊನೆಗೆ, ಬಳಸುವವರ ಕೈಯಲ್ಲಿ ಅದು ನಡೆಯಬೇಕು. ಇದಕ್ಕಾಗಿ ತಿಂಗಳಿಗೊಂದು ದಿನ ತಂಡದ ಇಬ್ಬರನ್ನು ಯಾವುದಾದರೂ ಗ್ರಾಮ ಪಂಚಾಯಿತಿಗೆ ಕಳುಹಿಸಿ, ವಾಹನದ ವ್ಯವಸ್ಥೆಯನ್ನು ನೀವೇ ಮಾಡಿಸಿ. ಆಪರೇಟರ್ ಹಳೆಯ ಕಂಪ್ಯೂಟರಿನಲ್ಲಿ, ಎದುರಿಗೆ ಜನ ನಿಂತಿರುವಾಗ, ಕರೆಂಟ್ ಹೋಗಿ ಬರುವ ನಡುವೆ ಅದೇ ಪರದೆಯನ್ನು ತುಂಬುವುದನ್ನು ನೋಡಿದ ಪ್ರೋಗ್ರಾಮರ್ ಮರಳಿ ಬಂದು ಬರೆಯುವ ಕೋಡ್ ಬೇರೆಯೇ ಆಗಿರುತ್ತದೆ. ಹದಿನೈದು ದಿನಕ್ಕೊಮ್ಮೆ ನಿಮ್ಮ ಮುಂದೆ ಓಡುವ ಪರದೆಯನ್ನು ತೋರಿಸಲು ಹೇಳಿ, ಶೇಕಡಾವಾರು ಪ್ರಗತಿಯ ಪಟ್ಟಿ ಬೇಡ. ‘ಶೇ. 90 ಆಗಿದೆ’ ಎಂಬ ಮಾತು ಹಲವು ವಾರ ಅಲ್ಲೇ ನಿಲ್ಲುತ್ತದೆ. ದಿನಚರಿಯಲ್ಲಿ ಎಷ್ಟು ಸಾಲು ಕೋಡ್ ಬರೆದರು ಎಂದು ಎಣಿಸುವುದೂ ವ್ಯರ್ಥ. ಒಳ್ಳೆಯ ಕೆಲಸ ಎಷ್ಟೋ ಬಾರಿ ಸಾಲುಗಳನ್ನು ಅಳಿಸುವುದರಲ್ಲಿದೆ.

ಭದ್ರತೆಯ ಬಗ್ಗೆ ನೀವು ಕೇಳಿಲ್ಲ, ಆದರೆ ಹೊಣೆ ನಿಮ್ಮ ಮೇಲೇ ಬರುವುದರಿಂದ ಹೇಳಬೇಕಾಗಿದೆ. ಸರ್ವರ್‌ಗೆ ಯಾರಾದರೂ ನುಗ್ಗಿದರೆ ಅಥವಾ ದತ್ತಾಂಶ ಸೋರಿದರೆ, ಸೈಬರ್ ದಾಳಿಗಳನ್ನು ನಿಭಾಯಿಸುವ ಕೇಂದ್ರ ಸರ್ಕಾರದ ಸಂಸ್ಥೆ ಸಿಇಆರ್‌ಟಿ-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ತಿಳಿದ 6 ಗಂಟೆಗಳೊಳಗೆ ಆ ಸಂಸ್ಥೆಗೆ ವರದಿ ಮಾಡಬೇಕು, ಸರ್ವರ್‌ನ ದಾಖಲೆಗಳನ್ನು 180 ದಿನ ಇಟ್ಟುಕೊಂಡಿರಬೇಕು. ಆರು ಗಂಟೆ ಎಂದರೆ ಕಡತ ಮೇಲೆ ಹೋಗಿ ಕೆಳಗೆ ಬರುವಷ್ಟು ಸಮಯವಲ್ಲ. ವರದಿ ಮಾಡುವ ಅಧಿಕಾರವನ್ನು ಮುಂಚಿತವಾಗಿಯೇ ಆದೇಶದ ಮೂಲಕ ಪಡೆದಿಟ್ಟುಕೊಳ್ಳಿ. ಪರೀಕ್ಷೆಗೆ ಜನರ ನಿಜವಾದ ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆಗಳಿರುವ ಪಟ್ಟಿಯನ್ನು ಬಳಸುವುದು, ಅದನ್ನು ವಾಟ್ಸಾಪ್ ಗುಂಪಿಗೆ ಹಾಕುವುದು ಇಂದೇ ನಿಲ್ಲಲಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಸರ್ಕಾರಿ ಸಂಸ್ಥೆಗಳನ್ನೂ ಹೊಣೆಯಿಂದ ಪೂರ್ತಿ ಬಿಟ್ಟಿಲ್ಲ. ಅಧಿಕಾರಿಗಳ ಡಿಜಿಟಲ್ ಸಹಿಯ ಸಾಧನ ಅವರವರ ಕೈಯಲ್ಲೇ ಇರಬೇಕು, ಪ್ರೋಗ್ರಾಮರ್‌ನ ಮೇಜಿನ ಡ್ರಾಯರಿನಲ್ಲಿ ಅಲ್ಲ.

ಹಾಜರಾತಿಯನ್ನು ನೀವು ಬಿಗಿ ಮಾಡಬೇಕಾದ ಕಾರಣ ಒಂದೇ: ಅದು ತಿಂಗಳ ಮೊದಲ ದಿನಗಳಲ್ಲೇ ದೃಢೀಕರಣವಾಗಿ ಏಜೆನ್ಸಿಗೆ ಹೋಗದಿದ್ದರೆ ಈ ಮಕ್ಕಳ ಸಂಬಳ ತಡವಾಗುತ್ತದೆ. ಭವಿಷ್ಯ ನಿಧಿ ಮತ್ತು ಇಎಸ್‌ಐ ವಂತಿಗೆ ನಿಜವಾಗಿ ಜಮೆಯಾಗುತ್ತಿದೆಯೇ ಎಂದು ಬಿಲ್ ಪಾಸು ಮಾಡುವ ಮುನ್ನ ಚಲನ್ ನೋಡಿ. ಸಂಬಳದ ಮೊತ್ತವನ್ನು ಹೆಚ್ಚಿಸುವುದು ನಿಮ್ಮ ಕೈಯಲ್ಲಿಲ್ಲ; ಅದು ಹೊತ್ತಿಗೆ ಸರಿಯಾಗಿ ತಲುಪುವಂತೆ ಮಾಡುವುದು ನಿಮ್ಮ ಕೈಯಲ್ಲಿದೆ. ರಾತ್ರಿ ಹತ್ತಕ್ಕೆ ಫೋನ್ ಬರುವುದನ್ನು ತಡೆಯುವುದೂ, ಬೆಳಿಗ್ಗೆ ಕೆಲಸದ ಹೊತ್ತಿನಲ್ಲಿ ಎರಡು ಗಂಟೆಗಳ ಕಾಲ ಯಾರೂ ಕರೆಯದಂತೆ ನೋಡಿಕೊಳ್ಳುವುದೂ, ಮಾಡಿದ ಕೆಲಸಕ್ಕೆ ಸಭೆಯಲ್ಲಿ ಅವರ ಹೆಸರು ಹೇಳುವುದೂ ನಿಮ್ಮ ಕೈಯಲ್ಲಿವೆ. ಕೈಲ್‌ಪೊಳ್ದ್, ಪುತ್ತರಿ ಹಬ್ಬಗಳಿಗೆ ರಜೆ ಕೇಳುವವರು ಯಾರು, ಅಂದು ಯಾರು ಇರುತ್ತಾರೆ ಎಂಬುದನ್ನು ತಿಂಗಳ ಮುಂಚೆಯೇ ಗೊತ್ತುಮಾಡಿಕೊಂಡರೆ ಕೊನೆಯ ಗಳಿಗೆಯ ಕಸಿವಿಸಿ ಇರುವುದಿಲ್ಲ.

ಇನ್ನಿಬ್ಬರನ್ನು ಕೇಳಬೇಕೇ ಎಂಬ ಪ್ರಶ್ನೆಗೆ ನನ್ನ ಉತ್ತರ, ಈಗ ಬೇಡ. ತಡವಾಗಿರುವ ತಂತ್ರಾಂಶದ ಕೆಲಸಕ್ಕೆ ಜನರನ್ನು ಸೇರಿಸಿದರೆ ಅದು ಇನ್ನಷ್ಟು ತಡವಾಗುತ್ತದೆ ಎಂದು ಐಬಿಎಂನಲ್ಲಿ ದೊಡ್ಡ ಯೋಜನೆಯನ್ನು ನಡೆಸಿದ್ದ ಫ್ರೆಡ್ ಬ್ರೂಕ್ಸ್ 1975ರಲ್ಲೇ ಬರೆದರು. ಹೊಸಬರಿಗೆ ಕಲಿಸುವ ಹೊರೆ ಹಳಬರ ಮೇಲೆಯೇ ಬೀಳುತ್ತದೆ. ಬಾಗಿಲು ಒಂದಾಗಿ, ಸರದಿ ಗೊತ್ತಾಗಿ ಮೂರು ತಿಂಗಳು ಕಳೆದ ಮೇಲೂ ಪಟ್ಟಿ ಬೆಳೆಯುತ್ತಲೇ ಇದ್ದರೆ ಆಗ ಆ ಪಟ್ಟಿಯನ್ನೇ ಆಧಾರವಾಗಿಟ್ಟು ಕೇಳಿ. ಕೊಡುವವರಿಗೂ ಒಪ್ಪಲು ಸುಲಭವಾಗುತ್ತದೆ. ಹೊರಡುವವರ ಜಾಗವನ್ನು ಮಾತ್ರ ತಡಮಾಡದೆ ತುಂಬಿಸಿಕೊಳ್ಳಿ. ಏಜೆನ್ಸಿ ಕಳುಹಿಸಿದವರನ್ನು ಕಣ್ಣುಮುಚ್ಚಿ ಒಪ್ಪಬೇಡಿ. ಉಳಿದ ನಾಲ್ವರಲ್ಲಿ ಇಬ್ಬರು ಅಭ್ಯರ್ಥಿಯೊಂದಿಗೆ ಅರ್ಧ ದಿನ ಕುಳಿತು, ನಿಮ್ಮದೇ ತಂತ್ರಾಂಶದ ಒಂದು ಹಳೆಯ ದೋಷವನ್ನು ಕೊಟ್ಟು ತಿದ್ದಿಸಲಿ. ನೀವು ಇನ್ನೊಂದು ಅರ್ಧ ಗಂಟೆ ಕುಳಿತು, ತಾವು ಏನು ತಿದ್ದಿದಿರಿ ಎಂಬುದನ್ನು ನನಗೆ ಅರ್ಥವಾಗುವಂತೆ ಕನ್ನಡದಲ್ಲಿ ಹೇಳಿ ಎಂದು ಕೇಳಿ. ತಮಗೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವವರು, ಕೇಳಿದ್ದನ್ನು ತಾಳ್ಮೆಯಿಂದ ಎರಡನೆಯ ಬಾರಿ ವಿವರಿಸುವವರು ಸಿಕ್ಕರೆ, ಅವರಿಗೆ ಪರಿಚಯವಿರುವ ಕಂಪ್ಯೂಟರ್ ಭಾಷೆ ನಿಮ್ಮ ತಂಡದ್ದಲ್ಲದಿದ್ದರೂ ಚಿಂತೆಯಿಲ್ಲ, ಅವರನ್ನೇ ತೆಗೆದುಕೊಳ್ಳಿ. ಭಾಷೆಯನ್ನು ಅವರು ಕೆಲವು ವಾರಗಳಲ್ಲಿ ಕಲಿಯುತ್ತಾರೆ.